ಮಸ್ಕಿಯ ಲೆಫ್ಟ್ ಔಟ್ ಮತ್ತು ಕಂಡಕ್ಟರ್ ಸಾಹೇಬರು

ಲಿಂಗಸುಗೂರಿನಿಂದ ಮುಂಜಾನೆ ಹೊರಟ ಬಸ್ಸು ಮಸ್ಕಿ ದಾಟಿ ಸಿಂಧನೂರು ಮುಟ್ಟುವಷ್ಟರಲ್ಲಿ, ಹಿಂದಿನ ದಿನ ಕಲ್ಕತ್ತೆಯ ಮೈದಾನದಲ್ಲಿ ಏನಾಯಿತೆಂಬುದು ದಾರಿಯ ಊರುಗಳಿಗೆಲ್ಲ ಗೊತ್ತಾಗಿರುತ್ತಿತ್ತು. ಸಂತೆಕಲ್ಲೂರಿನಲ್ಲಿ ಬಸ್ಸು ನಿಂತರೆ ಹತ್ತುವವರಿಗಿಂತ ಕೇಳುವವರೇ ಹೆಚ್ಚು. "ಏನಾತ್ರಿ ನಮ್ಮ ಹುಡುಗಂದು?" ಎಂದು ಕೆಳಗಿನಿಂದ ಕೂಗುತ್ತಿದ್ದರು. ರಾತ್ರಿ ರೇಡಿಯೋದಲ್ಲಿ ಸುದ್ದಿ ಕೇಳಿಕೊಂಡು ಬಂದು ಬಾಗಿಲಲ್ಲಿ ನಿಂತ ಕಂಡಕ್ಟರು, "ಗೆದ್ದೀವಿ! ಗೋಲು ಇವಂದಲ್ಲ, ಆದ್ರ ಚೆಂಡು ಕೊಟ್ಟಾಂವ ಇವ!" ಎಂದು ಹೇಳಿ ಮುಗಿಸಿದ ಮೇಲೆಯೇ ಸೀಟಿ ಊದುತ್ತಿದ್ದರು.

ಆ ಕಂಡಕ್ಟರನ್ನು ಮಣ್ಣು ಮಾಡಿ ಬಂದು ಇನ್ನೂ ಬಹಳ ದಿನವಾಗಿಲ್ಲ. ಅಲ್ಲಿಂದ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬರೆದರೆ ಕಡಿಮೆಯಾದೀತೆಂದು ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಆ ದಾರಿಯ ಜನಕ್ಕೆ ಗುರುತು ಸಿಗುವುದು ಕಷ್ಟ. ಅಲ್ಲಿ ಕಂಡಕ್ಟರ್ ಸಾಹೇಬರು ಎಂದರೆ ಅವರೊಬ್ಬರೇ.

ನಾನು ಗದಗಿನ ಕಡೆಯವನು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಸಿಂಧನೂರಿನ ಕಾಲುವೆ ಕಚೇರಿಗೆ ಟ್ರೇಸರ್ ಆಗಿ ಬಂದೆ. ಎಂಜಿನಿಯರುಗಳು ಬರೆದ ನಕ್ಷೆಗಳ ಮೇಲೆ ತೆಳು ಬಟ್ಟೆ ಹಾಸಿ, ಗೆರೆಗಳನ್ನು ಮಸಿಯಲ್ಲಿ ತಿದ್ದುವುದು ನನ್ನ ಕೆಲಸ. ವಾರಕ್ಕೊಮ್ಮೆ ಲಿಂಗಸುಗೂರಿನ ಕಚೇರಿಗೆ ಹೋಗಬೇಕಾಗುತ್ತಿತ್ತು. ಹಾಗೆ ಅವರ ಬಸ್ಸು ನನಗೆ ರೂಢಿಯಾಯಿತು.

ಎತ್ತರದ ಆಳು, ಒಣಗಿದ ಮೈ. ಕಿವಿಯ ಮೇಲೆ ಪೆನ್ಸಿಲು, ಎದೆಗೆ ಅಡ್ಡವಾಗಿ ಚರ್ಮದ ಚೀಲ. ಬಸ್ಸಿನಲ್ಲಿ ಕಂಡಕ್ಟರಿಗೆಂದು ಇದ್ದ ಸೀಟಿನಲ್ಲಿ ಯಾವಾಗಲೂ ಯಾರೋ ಬಸುರಿ ಹೆಂಗಸೋ ಮುದುಕರೋ ಕೂತಿರುತ್ತಿದ್ದರು. ಎರಡು ಸಾಲು ಸೀಟುಗಳ ನಡುವಿನ ಇಕ್ಕಟ್ಟೇ ಅವರ ಮೈದಾನ. ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಯನ್ನು ತೋರಿಸಿ, "ಈಕಿ ಅವರ ಬ್ಯಾಕ್, ಹಿಂದ ನಿಂತು ತಡ್ಯಾಂವ, ಅಂತ ತಿಳೀರಿ. ನಮ್ಮ ಹುಡುಗ ಹುಲಿಗೆಪ್ಪ ಬಂದ. ಎಡಕ್ಕ ಹೋಗ್ತೀನಿ ಅಂತ ಭುಜ ತೋರಿಸಿದ. ಈಕಿ ಎಡಕ್ಕ ವಾಲಿದ್ಲು. ಇವ ಹೋಗಿದ್ದು ಎಲ್ಲಿ?" ಎನ್ನುತ್ತ ತಾವೇ ಬಲಕ್ಕೆ ಹಾರಿ ಯಾರದೋ ಕಾಲು ತುಳಿಯುತ್ತಿದ್ದರು. ಮುದುಕಿ, "ಎಲ್ಲಿಗರ ಹೋಗವಲ್ಲನ್ಯಾಕ, ಮೊದಲ ನನ್ನ ಟಿಕೀಟು ಹರಿ ಸಾಹೇಬ" ಎಂದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಲಿಂಗಸುಗೂರಿನಲ್ಲಿ ಹಿಂದೆ ಬ್ರಿಟಿಷರ ದಂಡು ಇಳಿದಿತ್ತು. ದಂಡು ಹೋದರೂ ಫುಟ್‌ಬಾಲು ಉಳಿದುಕೊಂಡಿತ್ತು. ದಂಡಿನ ಹಳೆ ಛಾವಣಿಯ ಮೈದಾನದಲ್ಲಿ ಅವರೂ ಹರೆಯದಲ್ಲಿ ಬರಿಗಾಲಲ್ಲಿ ಆಡಿದವರು. ತಾವು ಹೇಗೆ ಆಡುತ್ತಿದ್ದಿರಿ ಎಂದು ಒಮ್ಮೆ ಕೇಳಿದ್ದೆ. "ಸುಮಾರು. ನನಗ ಆಟ ಕಾಣಸ್ತಿತ್ತು, ಕಾಲು ಅಲ್ಲಿಗೆ ಹೋಗ್ತಿದ್ದಿಲ್ಲ" ಎಂದರು. ಹುಲಿಗೆಪ್ಪನಲ್ಲಿ ಅವರಿಗೆ ಅಲ್ಲಿಗೆ ಹೋಗುವ ಕಾಲು ಸಿಕ್ಕಿತ್ತು.

ಹುಲಿಗೆಪ್ಪ ಮಸ್ಕಿಯ ಕುರಿ ಕಾಯುವ ಮನೆಯವನು. ಅಪ್ಪ ಇರಲಿಲ್ಲ, ಅವ್ವ ದುರುಗಮ್ಮ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಅವನು ಬಸ್ಸಿನ ಜೊತೆ ಪಂದ್ಯ ಕಟ್ಟಿ ಗುಡ್ಡದ ತಿರುವಿನವರೆಗೆ ಓಡುತ್ತಿದ್ದ. ತಗ್ಗು ಬಂದಲ್ಲಿ ಹಾರದೆ, ಅದರ ಅಂಚು ಹಿಡಿದು ವೇಗ ಬಿಡದೆ ಸುತ್ತುತ್ತಿದ್ದನಂತೆ. ಕಂಡಕ್ಟರ್ ಸಾಹೇಬರು ಅದನ್ನು ನಾಲ್ಕು ದಿನ ನೋಡಿದರು. ಐದನೆಯ ದಿನ ಬಸ್ಸು ನಿಲ್ಲಿಸಿ, "ಯಾರ ಮಗನಲೇ ನೀ?" ಎಂದು ಕೇಳಿದರು. ಅಂದಿನಿಂದ ಪ್ರತಿ ಭಾನುವಾರ ಅವನನ್ನು ಛಾವಣಿ ಮೈದಾನಕ್ಕೆ ಕರೆದುಕೊಂಡು ಹೋಗತೊಡಗಿದರು. ಎಡಗಡೆಯ ಗೆರೆ ಹಿಡಿದು ಓಡುವ ಜಾಗ ಅವನದಾಯಿತು. ಅದಕ್ಕೆ ನಮ್ಮ ಕಡೆ ಲೆಫ್ಟ್ ಔಟ್ ಎನ್ನುತ್ತಿದ್ದರು. ಅಲ್ಲಿಂದ ಹೈದರಾಬಾದಿನ ಒಂದು ತಂಡ. ಹೈದರಾಬಾದಿನಿಂದ ಕಲ್ಕತ್ತೆಯ ಒಂದು ದೊಡ್ಡ ಕ್ಲಬ್ಬಿನವರು ಅವನನ್ನು ಕರೆದುಕೊಂಡು ಹೋದರು.

ನಮ್ಮ ಜನಕ್ಕೆ ಕಲ್ಕತ್ತೆ ಪರದೇಶವೇ. ಮಾತು ಬೇರೆ, ಊಟ ಬೇರೆ. ಆಟ ನಡೆಯುವುದು ಮಳೆಗಾಲದಲ್ಲಿ, ಕೆಸರಿನಲ್ಲಿ. ಹುಲಿಗೆಪ್ಪ ಬೆಳೆದದ್ದು ಬಿಸಿಲಿಗೆ ಬಿರಿದ ಎರೆ ನೆಲದ ಮೇಲೆ. ಈ ಒಂದು ವಿಷಯ ಸಿಂಧನೂರಿನ ಕ್ಯಾಂಪಿನ ಹೋಟೆಲಿಗೆ ಎರಡು ವರ್ಷದ ಜಗಳಕ್ಕೆ ಸಾಕಾಯಿತು.

ಆ ಹೋಟೆಲು ಸುಬ್ಬಾರಾವ್ ಅವರದು. ಕಾಲುವೆ ನೀರಿನ ಸುದ್ದಿ ಕೇಳಿ ಆಂಧ್ರದಿಂದ ಬಂದು ಆ ಕ್ಯಾಂಪಿನಲ್ಲಿ ನೆಲೆಸಿದವರಲ್ಲಿ ಒಬ್ಬರು. ನಾನು ಮಧ್ಯಾಹ್ನದ ಬಸ್ಸಿಗೆ ಬರುವ ಇಂಗ್ಲಿಷ್ ಪತ್ರಿಕೆಯ ಆಟದ ಪುಟವನ್ನು ಅಲ್ಲಿ ಓದಿ ಹೇಳಬೇಕು. ಓದಿ ಮುಗಿಯುವ ಮೊದಲೇ ಜಗಳ ಶುರು. ಜವಳಗೇರಿಯ ಶಿವಣ್ಣ ಎಂಬ ಟ್ರ್ಯಾಕ್ಟರ್ ಮಾಲೀಕರು ಹುಲಿಗೆಪ್ಪನ ಪಕ್ಷ. ಸುಬ್ಬಾರಾವ್ ಎದುರು ಪಕ್ಷ.

"ಏಮಯ್ಯಾ, ನಿಮ್ಮ ಹುಡುಗ ಈ ವಾರ ಕೂಡ ಗೋಲು ಹೊಡೀಲಿಲ್ಲ. ಅಲ್ಲಿ ಆಡ್ತಾನಾ, ಇಲ್ಲಾ ಮೀನು ತಿಂತಾ ಕೂತಾನಾ?" ಎಂದು ಸುಬ್ಬಾರಾವ್ ಚಹಾ ಸೋಸುತ್ತ ಕೆಣಕುತ್ತಿದ್ದರು.

"ಲೆಫ್ಟ್ ಔಟ್ ಗೋಲು ಹೊಡ್ಯಾಂವ ಅಲ್ರೀ, ಗೋಲು ಹೊಡಸ್ಯಾಂವ" ಎಂದು ಶಿವಣ್ಣ ಎದ್ದು ನಿಲ್ಲುತ್ತಿದ್ದರು. "ನಡುವಿನಾಂವ ದಡ್ಡ ಇದ್ರ ಇವ ಏನ್ ಮಾಡಬೇಕು?"

"ಕೆಸರಲ್ಲಿ ಆಡಕ್ಕೆ ಬರಲ್ಲ ಅಂತ ಹೇಳಯ್ಯಾ. ಇಲ್ಲಿಗೆ ಕಳಿಸು, ನನ್ನ ಭತ್ತದ ಗದ್ದೆಯಲ್ಲಿ ಒಂದು ತಿಂಗಳು ಓಡಿಸ್ತೀನಿ."

ಈ ನಡುವೆ ಬಸ್ಸು ನಿಲ್ಲಿಸಿ ಬಂದ ಕಂಡಕ್ಟರ್ ಸಾಹೇಬರು ಲೋಟ ಹಿಡಿದು ಬಾಗಿಲಲ್ಲೇ ಓಡಾಡುತ್ತಿದ್ದರು. ಅವನಿಗೆ ಸೊಕ್ಕು ಬಂದಿದೆ, ಸೇರಬಾರದವರ ಜೊತೆ ಸೇರಿದ್ದಾನೆ ಎಂದು ಯಾರಾದರೂ ಶುರು ಮಾಡಿದರೆ ಅವರ ಮುಖ ಬಿಗಿಯುತ್ತಿತ್ತು. "ಚಾಡಿ ಬ್ಯಾಡ, ಆಟ ಹೇಳ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. "ಅವ ಏನು ತಿಂದ, ಯಾರ ಕೂಡ ಹ್ವಾದ, ಅದು ನಿಮಗ್ಯಾಕ? ಚೆಂಡು ಸಿಕ್ಕಾಗ ಏನು ಮಾಡಿದ, ಅದನ್ನ ಹೇಳ್ರಿ." ಹಾಗೆಂದು ಅವರು ಅವನನ್ನು ಹೊಗಳುವವರೂ ಅಲ್ಲ. ತಪ್ಪು ಆಡಿದ್ದಾನೆಂದು ಕಂಡರೆ ಮೊದಲು ಬೈಯುವವರು ಅವರೇ. ಶಿವಣ್ಣನಿಗೂ ಅವರಿಗೂ ಎಷ್ಟೋ ಸಲ ಜಗಳವಾಗಿದೆ.

ಮೂರನೆಯ ವರ್ಷದ ಮಳೆಗಾಲ. ಒಂದು ದಿನ ಪತ್ರಿಕೆಯಲ್ಲಿ ಹುಲಿಗೆಪ್ಪನ ಬಗ್ಗೆ ಒಂದೇ ಸಾಲು ಇತ್ತು. ಆಟದ ಕೊನೆಯ ಹೊತ್ತಿನಲ್ಲಿ ಎಡಬದಿಯ ಆಟಗಾರ ಗೆರೆಯ ಪಕ್ಕ ಸುಮ್ಮನೆ ನಿಂತಿದ್ದ, ಅವನಿಂದ ತಂಡಕ್ಕೆ ಯಾವ ಉಪಯೋಗವೂ ಆಗಲಿಲ್ಲ ಎಂದು. ನಾನು ಓದಿ ಹೇಳಿದೆ. ಸುಬ್ಬಾರಾವ್ "ನೋಡಿದಿರಾ" ಎಂದರು. ಶಿವಣ್ಣ ಪತ್ರಿಕೆಯವರನ್ನು ಬೈದರು. ಕಂಡಕ್ಟರ್ ಸಾಹೇಬರು ಮಾತ್ರ, "ಇನ್ನೊಮ್ಮೆ ಓದ್ರಿ ಟ್ರೇಸರ್ ಸಾಹೇಬ್ರ" ಎಂದರು. ಓದಿದೆ.

"ನಿಂತಿದ್ದ ಅಂತ ಐತೇನು? ನಿಧಾನ ಓಡಿದ ಅಂತಲ್ಲ?"

"ನಿಂತಿದ್ದ ಅಂತಲೇ ಇದೆ."

"ಅವ ನಿಲ್ಲೋ ಹುಡುಗ ಅಲ್ರಿ" ಎಂದು ಲೋಟ ಇಟ್ಟರು. ಚಹಾ ಹಾಗೇ ಇತ್ತು.

ಮುಂದಿನ ವಾರವೂ ಅಂಥದೇ ಸುದ್ದಿ. ಆ ಹದಿನೈದು ದಿನ ಅವರ ಬಸ್ಸಿನಲ್ಲಿ ಹೋಗುವುದೇ ಕಷ್ಟವಾಯಿತು. ಮಸ್ಕಿಗೆ ಟಿಕೀಟು ಕೇಳಿದರೆ ಸಿಂಧನೂರಿನದು ಹರಿದು ಕೊಡುತ್ತಿದ್ದರು. ಸೀಟಿ ಊದುವುದು ಮರೆತು ಡ್ರೈವರಿನಿಂದ ಬೈಸಿಕೊಂಡರು. ಮಸ್ಕಿಯಲ್ಲಿ ದುರುಗಮ್ಮ ಅವರಿಗೆಂದು ರೊಟ್ಟಿ ಗಂಟು ಹಿಡಿದು ಬಸ್ಸಿನ ಹತ್ತಿರ ಬಂದು, "ಸಾಹೇಬಣ್ಣ, ನನ್ನ ಮಗ ಹೆಂಗದಾನ?" ಎಂದರೆ, ಅವರು ಅವಳ ಮುಖ ನೋಡದೆ "ಆಡಾಕತ್ಯಾನ ಬೇ" ಎನ್ನುತ್ತಿದ್ದರು. ಕಡೆಗೆ ಒಂದು ದಿನ ನನ್ನ ಕಚೇರಿಗೇ ಬಂದರು. "ನಾ ರಜಾ ಹಾಕೀನಿ. ಕಲ್ಕತ್ತಾಕ್ಕ ಹೊಂಟೀನಿ. ನನಗ ಇಂಗ್ಲಿಷ್ ಬರಂಗಿಲ್ಲ. ನೀವು ಬರ್ತೀರೇನು?" ನನಗಿನ್ನೂ ಮದುವೆಯಾಗಿರಲಿಲ್ಲ, ರಜೆ ಇತ್ತು, ಆ ಹುಡುಗನ ಆಟ ಒಮ್ಮೆಯಾದರೂ ನೋಡಬೇಕೆಂಬ ಆಸೆಯೂ ಇತ್ತು. ಹೊರಟೆ.

ಕಲ್ಕತ್ತೆ ತಲುಪಿದ ಮರುದಿನವೇ ಪಂದ್ಯ. ಮಧ್ಯಾಹ್ನದಿಂದ ಮಳೆ. ಮರದ ಹಲಗೆಗಳ ಗ್ಯಾಲರಿಯಲ್ಲಿ ಕೊಡೆ ಬಿಚ್ಚಲೂ ಜಾಗವಿಲ್ಲದಷ್ಟು ಜನ. ಹುಲಿಗೆಪ್ಪ ಮೊದಲ ಅರ್ಧದಲ್ಲಿ ಆಚೆ ಬದಿಯ ಗೆರೆಯಲ್ಲಿದ್ದ. ನಾನು ಅವನ ಆಟ ನೋಡಿದ್ದು ಆ ಒಂದೇ ದಿನ. ಮೊದಲ ಸಲ ಚೆಂಡು ಸಿಕ್ಕಾಗ ಎದುರಿನ ಆಟಗಾರ ಕೆಸರಿನಲ್ಲಿ ಕೂತೇಬಿಟ್ಟ. ಇವನು ಅವನ ಪಕ್ಕದಿಂದ, ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಂತೆ ಹೋದ. ಸುತ್ತಲಿನ ಜನ ಎದ್ದು ಕೂಗಿದರು. ಸುಬ್ಬಾರಾವ್ ಇದನ್ನು ನೋಡಬೇಕಿತ್ತು ಎಂದುಕೊಂಡೆ. ತಿರುಗಿ ನೋಡಿದರೆ ಕಂಡಕ್ಟರ್ ಸಾಹೇಬರು ಕೂಗುತ್ತಿರಲಿಲ್ಲ. ಅವರ ಕಣ್ಣು ಚೆಂಡಿನ ಮೇಲೂ ಇರಲಿಲ್ಲ. ಚೆಂಡು ಕೊಟ್ಟ ಮೇಲೆ ಹುಲಿಗೆಪ್ಪ ಹಿಂದಕ್ಕೆ ನಡೆದು ಬರುವುದನ್ನು ನೋಡುತ್ತಿದ್ದರು.

"ಬಲಗಾಲು ಊರವಲ್ಲ" ಎಂದರು.

ಎರಡನೆಯ ಅರ್ಧದಲ್ಲಿ ತಂಡಗಳು ಕಡೆ ಬದಲಿಸಿ ಅವನು ನಮ್ಮ ಬದಿಯ ಗೆರೆಗೆ ಬಂದಾಗ ಅದು ನನಗೂ ಕಂಡಿತು. ಹುಲಿಗೆಪ್ಪ ಬಲ ಮೊಣಕಾಲು ಹಿಡಿದುಕೊಂಡು ಗೆರೆಯ ಪಕ್ಕ ನಿಂತಿದ್ದ. ಎರಡು ಸಲ ಕುಂಟುತ್ತ ಚೆಂಡಿನ ಕಡೆ ಹೋದ. ಅದೇ ಜನ ಈಗ ಅವನಿಗೆ ಕೈ ಮಾಡಿ ಬೈಯುತ್ತಿದ್ದರು. ಕಂಡಕ್ಟರ್ ಸಾಹೇಬರು ಜನರನ್ನು ನೂಕಿಕೊಂಡು ಬೇಲಿಯವರೆಗೆ ಇಳಿದು, ಆ ಗದ್ದಲದಲ್ಲಿ ನಮ್ಮ ಊರಿನ ಮಾತಿನಲ್ಲಿ, "ಹುಲಗ್ಯಾ! ಹೊರಗ ಬಾ ಲೇ! ಸಾಕು, ಹೊರಗ ಬಾ!" ಎಂದು ಕೂಗಿದರು. ಅವನು ಗಕ್ಕನೆ ತಿರುಗಿದ. ಯಾರೆಂದು ಗೊತ್ತಾಗಲು ಅವನಿಗೆ ತುಸು ಹೊತ್ತು ಬೇಕಾಯಿತು. ಆಮೇಲೆ ನಕ್ಕ. ನಕ್ಕು, ಮತ್ತೆ ಚೆಂಡಿನ ಕಡೆ ಓಡಿದ. ಅವರು ನೋಡುತ್ತಿದ್ದಾರೆಂದೇ ಓಡಿದ. ಆ ಓಟವನ್ನು ನೋಡಲಾಗದೆ ಕಂಡಕ್ಟರ್ ಸಾಹೇಬರು ಮುಖ ತಿರುಗಿಸಿದರು.

ಆ ಸಂಜೆ ಆಟಗಾರರು ಇರುವ ಮನೆಗೆ ಹೋದೆವು. ಹುಲಿಗೆಪ್ಪ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲು ಮೊಣಕಾಲಿನ ಹಾಗಿರಲಿಲ್ಲ. ಪಂದ್ಯಕ್ಕೆ ಮೊದಲು ಒಬ್ಬರು ಬಂದು ಸೂಜಿ ಹಾಕುತ್ತಾರೆ, ಅರ್ಧ ಆಟದವರೆಗೆ ಏನೂ ಗೊತ್ತಾಗುವುದಿಲ್ಲ ಎಂದು ತಾನೇ ಹೇಳಿದ. ಅಷ್ಟು ಹೇಳಿ ಅವನು ಕೇಳಿದ ಮೊದಲ ಪ್ರಶ್ನೆ, "ಊರಾಗ ಏನಂತಾರ್ರಿ ನನ್ನ ಆಟಕ್ಕ?" ಎಂಬುದು.

ಕಂಡಕ್ಟರ್ ಸಾಹೇಬರು ಬಗ್ಗಿ ಆ ಮೊಣಕಾಲನ್ನೇ ಮುಟ್ಟಿ ನೋಡಿದರು. ಮರುದಿನ ಅವನನ್ನು ಒಂದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಮೊಣಕಾಲನ್ನು ಮಡಚಿ ಬಿಡಿಸಿ ನೋಡಿ, ನನಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಒಳಗೆ ಹರಿದಿದೆ. ವರ್ಷಗಟ್ಟಲೆ ವಿಶ್ರಾಂತಿ ಬೇಕು. ಇದರ ಮೇಲೆಯೇ ಇನ್ನು ಆಡಿದರೆ ಈ ಕಾಲು ಮಡಚುವುದೇ ನಿಲ್ಲಬಹುದು. ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದೆ. ಹುಲಿಗೆಪ್ಪ ಕೇಳಿಸಿಕೊಂಡ. "ಇನ್ನೊಂದ ಮ್ಯಾಚ್ ರಿ" ಎಂದ. "ಬರೋ ವಾರದ ಮ್ಯಾಚಿಗೆ ದೇಶದ ಟೀಮು ಆರಿಸಾವರು ಬರ್ತಾರ. ನನ್ನ ಹೆಸರು ಅವರ ಬಾಯಾಗ ಐತಂತ. ಅದೊಂದು ಆಡಿ ಬಿಡ್ತೀನಿ."

"ಕುಂಟಗಾಲಾಗ ಏನು ಆಡ್ತಿ?" ಎಂದರು ಕಂಡಕ್ಟರ್ ಸಾಹೇಬರು.

"ಸೂಜಿ ಹಾಕ್ತಾರಲ್ರಿ. ಅರ್ಧ ಆಟ ಸಾಕು ನನಗ."

ಎರಡು ದಿನ ಅವರು ಅವನಿಗೆ ಹೇಳದ ಮಾತಿಲ್ಲ. ಕ್ಲಬ್ಬಿನವರ ಹತ್ತಿರ ಹೋಗಿ ಉರ್ದುವಿನಲ್ಲಿ ಜಗಳವಾಡಿದರು. ಕ್ಲಬ್ಬಿನವರು ನಯವಾಗಿಯೇ ಮಾತಾಡಿ, ಆಡುವುದೂ ಬಿಡುವುದೂ ಹುಡುಗನ ಇಷ್ಟ ಎಂದು ಕಳಿಸಿದರು. ಹುಡುಗನ ಇಷ್ಟ ಸ್ಪಷ್ಟವಾಗಿತ್ತು. ಕಂಡಕ್ಟರ್ ಸಾಹೇಬರು ಟ್ರಾಮಿನ ಹಳಿ ಹಿಡಿದು ನಡೆಯುತ್ತಿದ್ದರು, ತಿರುಗಿ ಬರುತ್ತಿದ್ದರು, ಮತ್ತೆ ನಡೆಯುತ್ತಿದ್ದರು. ಊಟಕ್ಕೆ ಕರೆದರೆ, ಅನ್ನ ಕಲಸಿಟ್ಟು ಕೈ ತೊಳೆದುಕೊಳ್ಳುತ್ತಿದ್ದರು.

ಮೂರನೆಯ ದಿನ ನಾನು ನಮ್ಮಿಬ್ಬರ ವಾಪಸು ಟಿಕೀಟಿಗೆಂದು ಸ್ಟೇಷನ್ನಿಗೆ ಹೋಗಿದ್ದೆ. ಬಂದು ನೋಡಿದರೆ ಹುಲಿಗೆಪ್ಪ ಟ್ರಂಕಿನಲ್ಲಿ ಬಟ್ಟೆ ತುಂಬುತ್ತ ಬಿಕ್ಕುತ್ತಿದ್ದ. ಅವ್ವನಿಗೆ ಬಹಳ ಜಡ್ಡಾಗಿದೆ, ಊರಿನಿಂದ ತಾರು ಬಂದಿದೆ ಎಂದ. ಕಂಡಕ್ಟರ್ ಸಾಹೇಬರು ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದರು. ನನಗೆ ಕೇಳಲು ಹೊತ್ತಿರಲಿಲ್ಲ. ಆ ದಿನವೇ ರೈಲು ಹತ್ತಿದೆವು.

ರೈಲು ಊರು ದಾಟಿದ ಮೇಲೆ ಕಂಡಕ್ಟರ್ ಸಾಹೇಬರು ಬಾಗಿಲ ಹತ್ತಿರ ನನ್ನನ್ನು ಕರೆದರು. "ತಾರು ಬಂದಿಲ್ರಿ. ಆಕಿ ಗಟ್ಟಿಮುಟ್ಟಿ ಅದಾಳ. ನಾನ ಹೇಳೀನಿ ಸುಳ್ಳು."

"ಈಗಲಾದರೂ ಹೇಳಿಬಿಡಿ" ಎಂದೆ.

"ಈಗ ಹೇಳಿದ್ರ ಮುಂದಿನ ಸ್ಟೇಷನ್ನಿನಾಗ ಇಳದು ವಾಪಸ್ ಹೊಕ್ಕಾನ. ನನಗ ಗೊತ್ತಿಲ್ಲೇನ್ರಿ ಅಂವ?"

ಆ ಪ್ರಯಾಣದಷ್ಟು ಉದ್ದದ ಪ್ರಯಾಣವನ್ನು ನಾನು ಮಾಡಿಲ್ಲ. ಹುಲಿಗೆಪ್ಪ ಕಿಟಕಿಗೆ ತಲೆ ಕೊಟ್ಟು, ಅವ್ವ ತನಗೆ ಏನೇನು ಮಾಡುತ್ತಿದ್ದಳು ಎಂದು ಹೇಳಿಕೊಳ್ಳುತ್ತಿದ್ದ. ನಡುನಡುವೆ, "ಇದ್ದಾಳಲ್ರಿ? ಇರ್ತಾಳಲ್ರಿ ನಾವು ಹೋಗೋತನಕ?" ಎಂದು ಅವರನ್ನೇ ಕೇಳುತ್ತಿದ್ದ. ಪ್ರತಿ ಸಲವೂ ಅವರು "ಇರ್ತಾಳ" ಎಂದು ಎದ್ದು ಹೋಗುತ್ತಿದ್ದರು. ಸ್ಟೇಷನ್ ಬಂದಲ್ಲೆಲ್ಲ ಇಳಿದು, ಯಾರೂ ಕುಡಿಯದ ಚಹಾ ತರುತ್ತಿದ್ದರು.

ರಾಯಚೂರಿನಲ್ಲಿ ಇಳಿದು, ಬಸ್ಸು ಹಿಡಿದು ಸಿಂಧನೂರಿಗೆ, ಅಲ್ಲಿಂದ ಮಸ್ಕಿಗೆ. ಮಸ್ಕಿಯಲ್ಲಿ ಇಳಿದೊಡನೆ ಹುಲಿಗೆಪ್ಪ ಕುಂಟುತ್ತಲೇ ಓಣಿಯಲ್ಲಿ ಓಡಿದ. ಅವನ ಟ್ರಂಕು ಹೊತ್ತುಕೊಂಡು ಕಂಡಕ್ಟರ್ ಸಾಹೇಬರೂ, ಅವರ ಹಿಂದೆ ನಾನೂ ಹೋದೆವು. ಅಲ್ಲಿಂದಲೇ ತಪ್ಪಿಸಿಕೊಂಡು ಹೋಗಬಹುದಿತ್ತು. ಅವರು ಹೋಗಲಿಲ್ಲ.

ದುರುಗಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗನನ್ನು ಕಂಡವಳೇ ಮೊರ ಕೆಳಗಿಟ್ಟು, "ಅಯ್ಯ ನನ್ನ ಕೂಸ, ಕಾಲಿಗೆ ಏನಾಗೇತೋ?" ಎಂದಳು. ಅವನು ಅವಳ ಮುಖ ನೋಡಿದ, ಜೋಳ ನೋಡಿದ. ಕೆಳಗೆ ಕೂತು ಅವಳ ಎರಡೂ ಕೈ ಹಿಡಿದುಕೊಂಡ. ಒಂದು ಗಳಿಗೆ ಅವನ ಮುಖದಲ್ಲಿ ಸಂತೋಷವಲ್ಲದೆ ಬೇರೇನೂ ಇರಲಿಲ್ಲ. ಆಮೇಲೆ ನಿಧಾನವಾಗಿ ತಿರುಗಿ ನಮ್ಮನ್ನು ನೋಡಿದ.

"ನಾನ ಸುಳ್ಳು ಹೇಳೀನಿ" ಎಂದರು ಕಂಡಕ್ಟರ್ ಸಾಹೇಬರು, ಓಣಿಯಲ್ಲೇ ನಿಂತು.

ಹುಲಿಗೆಪ್ಪ ಎದ್ದು ಬಂದು ಅವರ ಕೈಯಿಂದ ಟ್ರಂಕು ಇಸಿದುಕೊಂಡ. "ಇನ್ಮ್ಯಾಲೆ ನೀವು ನನ್ನ ಕೂಡ ಮಾತಾಡಬ್ಯಾಡ್ರಿ" ಎಂದ. ಆಗಲೂ ಬಹುವಚನ ಬಿಡಲಿಲ್ಲ.

ತಿರುಗಿ ಹೋಗಿ ಆ ಪಂದ್ಯ ಮುಟ್ಟುವ ಹೊತ್ತು ಮೀರಿತ್ತು. ಕ್ಲಬ್ಬಿನವರು ಮತ್ತೆ ಕರೆಯಲಿಲ್ಲ. ಅವನ ಜಾಗದಲ್ಲಿ ಬೇರೆಯವನು ಆಡಿದ.

ಸುದ್ದಿ ಹರಡಲು ತಡವಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು, ದಿನ ಬೆಳಗಾದರೆ ಹುಲಿಗೆಪ್ಪನನ್ನು ಹಂಗಿಸುತ್ತಿದ್ದ ಸುಬ್ಬಾರಾವ್. "ಇಡೀ ತಾಲ್ಲೂಕಿಗೆ ಒಬ್ಬ ಇದ್ದ. ಅವನನ್ನ ಸುಳ್ಳು ಹೇಳಿ ಎತ್ಕೊಂಡ್ ಬಂದ್ರಲ್ಲಾ! ಯಾರು ಕೊಟ್ಟರು ನಿಮಗೆ ಈ ಅಧಿಕಾರ?" ಎಂದು ತುಂಬಿದ ಹೋಟೆಲಿನಲ್ಲಿ ಕೇಳಿದರು. ಶಿವಣ್ಣ ಕಂಡಕ್ಟರ್ ಸಾಹೇಬರ ಬಸ್ಸು ಹತ್ತುವುದನ್ನೇ ಬಿಟ್ಟರು. ಸಂತೆಕಲ್ಲೂರಿನಲ್ಲಿ ಯಾರೂ ಬಸ್ಸಿನ ಹತ್ತಿರ ಬಂದು ಏನೂ ಕೇಳುತ್ತಿರಲಿಲ್ಲ. ಅವರು ಬಾಗಿಲಲ್ಲಿ ನಿಂತು ಬೇರೆ ಆಟಗಾರರ ಸುದ್ದಿ ತೆಗೆದು ನೋಡಿದರು. ಜನ ಕಿಟಕಿಯ ಹೊರಗೆ ನೋಡುತ್ತ ಕೂತರು. ನಾನು ವೈದ್ಯರ ಮಾತನ್ನು ಹೋಟೆಲಿನಲ್ಲಿ ಹೇಳಿದೆ. "ವೈದ್ಯರು ಹಾಗೇ ಹೇಳ್ತಾರೆ" ಎಂದರು. ನನ್ನ ಪತ್ರಿಕೆಯನ್ನೂ ಯಾರೂ ಕೇಳಲಿಲ್ಲ.

ಒಬ್ಬಳೇ ಒಬ್ಬಳು ಅವರ ಕಡೆ ಇದ್ದಳು. ಆ ಘಟನೆಯಾದ ವಾರದಲ್ಲೇ ದುರುಗಮ್ಮ ಮಸ್ಕಿಯಲ್ಲಿ ಬಸ್ಸಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಡ್ರೈವರು ಹಾರ್ನು ಹೊಡೆದರೂ ಸರಿಯಲಿಲ್ಲ. ಕಂಡಕ್ಟರ್ ಸಾಹೇಬರು ತಲೆ ತಗ್ಗಿಸಿ ಇಳಿದರು.

"ನನ್ನ ಸಾಯಿಸಿದೇನೋ ಸಾಹೇಬಣ್ಣ?"

"ಹೂಂ ಬೇ, ಸಾಯಿಸೀನಿ. ತಪ್ಪಾತು."

"ಸಾಯಿಸಿದ್ದಕ್ಕ ಮಗ ಮನಿಗೆ ಬಂದ. ಇನ್ನೊಮ್ಮೆ ಸಾಯಿಸೋದಿದ್ರ ಮೊದಲ ನನಗೊಂದು ಮಾತು ಹೇಳು. ಬುತ್ತಿ ಕಟ್ಟಿ ಕೊಡ್ತೀನಿ, ಅಷ್ಟು ದೂರ ಹಸಕೊಂಡು ಹೋಗಿದ್ದಿ" ಎಂದು ರೊಟ್ಟಿ ಗಂಟನ್ನು ಅವರ ಕೈಗೆ ತುರುಕಿ ಹೋದಳು. ಮಗನಿಗೆ ಗೊತ್ತಾದರೂ ಅವಳು ಆ ರೊಟ್ಟಿ ನಿಲ್ಲಿಸಲಿಲ್ಲ.

ರಾಯಚೂರಿನ ಆಸ್ಪತ್ರೆಯಲ್ಲಿ ಹುಲಿಗೆಪ್ಪನ ಕಾಲಿಗೆ ಪಟ್ಟಿ ಹಾಕಿದರು. ಕೋಲು ಹಿಡಿದು ನಡೆದ, ಕೋಲು ಬಿಟ್ಟು ನಡೆದ. ಮುಂದೆ ನಮ್ಮ ಇಲಾಖೆಯಲ್ಲೇ ಕಾಲುವೆಯ ಲಸ್ಕರನಾಗಿ ಸೇರಿದ. ತೂಬು ಎತ್ತುವುದು, ಇಳಿಸುವುದು, ಏರಿ ಎಲ್ಲಿಯಾದರೂ ಸೋರುತ್ತದೆಯೇ ಎಂದು ನೋಡುತ್ತ ಮೈಲುಗಟ್ಟಲೆ ನಡೆಯುವುದು. ಚೆಂಡು ಮುಟ್ಟಲಿಲ್ಲ. ಛಾವಣಿ ಮೈದಾನದ ಹುಡುಗರು ಬಂದು ಕರೆದರೆ, ಕೆಲಸವಿದೆ ಎನ್ನುತ್ತಿದ್ದ. ಕಂಡಕ್ಟರ್ ಸಾಹೇಬರ ಬಸ್ಸು ಬಂದರೆ ಅದನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದ.

ಬಸ್ಸು ಕಾಲುವೆಯ ಸೇತುವೆ ದಾಟುವಾಗ ಅವರು ತಪ್ಪದೆ ಬಾಗಿಲಿಗೆ ಬರುತ್ತಿದ್ದರು. ಏರಿಯ ಮೇಲೆ ದೂರದಲ್ಲಿ ಹುಲಿಗೆಪ್ಪ ಹೋಗುತ್ತಿದ್ದರೆ ಅವನ ನಡಿಗೆಯನ್ನೇ ನೋಡುತ್ತಿದ್ದರು. ಅವನು ಬಸ್ಸಿನ ಸದ್ದು ಕೇಳಿ ನೀರಿನ ಕಡೆ ತಿರುಗಿ ನಿಲ್ಲುತ್ತಿದ್ದ. ಒಮ್ಮೆ ನಾನು ಕೇಳಿಯೇಬಿಟ್ಟೆ, ತಪ್ಪು ಮಾಡಿದೆ ಅನಿಸುವುದಿಲ್ಲವೇ ಎಂದು.

"ಅನಸ್ತದರಿ. ದಿನಾ ಅನಸ್ತದ" ಎಂದರು. ಚೀಲದ ಚಿಲ್ಲರೆ ಎಣಿಸುತ್ತ, "ಅವನ ಆಟ ನಿಮಗೆಲ್ಲಾರಿಗಿಂತ ನನಗ ಜಾಸ್ತಿ ಬೇಕಾಗಿತ್ತು. ಆ ಮ್ಯಾಚಿನಾಗ ಅವ ಆರಿಸಿ ಬರ್ತಿದ್ನೇನೋ. ಬರ್ತಿದ್ದ ಅಂತ ನನ್ನ ಮನಸು ಹೇಳ್ತದ. ಆದ್ರೂ ಆ ದಿನ ಮತ್ತ ಬಂದ್ರ ನಾ ಮತ್ತ ಅದ ಸುಳ್ಳು ಹೇಳ್ತೀನಿ" ಎಂದು ಟಿಕೀಟು ಕೇಳುತ್ತ ಹಿಂದಕ್ಕೆ ಹೋದರು.

ಕೆಲವು ವರ್ಷಗಳ ಮೇಲಿನ ಮಾತು. ನಾನು ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸಿನಲ್ಲಿದ್ದೆ. ಸೇತುವೆಯ ಮೇಲೆ ಕಂಡಕ್ಟರ್ ಸಾಹೇಬರು ಸೀಟಿ ಊದಿ ಬಸ್ಸು ನಿಲ್ಲಿಸಿದರು. ಅದು ನಿಲ್ಲುವ ಜಾಗವಲ್ಲ. ಇಳಿದವರು ಏರಿಯ ಮೇಲೆ ಹುಲಿಗೆಪ್ಪನ ಕಡೆ ದಡದಡ ನಡೆದರು. ಆ ದಿನ ಮುಂಜಾನೆ ಮಸ್ಕಿಯಲ್ಲಿ ದುರುಗಮ್ಮ ಕುಸಿದು ಬಿದ್ದಿದ್ದಳು. ಓಣಿಯವರು ಸುದ್ದಿ ಮುಟ್ಟಿಸಲು ಬಸ್ಸಿಗೇ ಓಡಿಬಂದಿದ್ದರು. ಬಸ್ಸು ಸಿಂಧನೂರಿಗೆ ಬರುವಾಗ ಅವನು ಏರಿಯ ಮೇಲೆ ಸಿಕ್ಕಿರಲಿಲ್ಲ. ಈಗ ಸಿಕ್ಕಿದ್ದ. ಮಗನಿಗೆ ಆ ಸುದ್ದಿಯನ್ನು ಹೇಳಬಾರದ ಮನುಷ್ಯ ಜಗತ್ತಿನಲ್ಲಿ ಒಬ್ಬರಿದ್ದರೆ ಅದು ಅವರು. ಆದರೆ ಓಣಿಯವರು ಸುದ್ದಿ ಒಪ್ಪಿಸಿದ್ದು ಅವರಿಗೇ.

ಬಸ್ಸಿನ ಜನವೆಲ್ಲ ಕಿಟಕಿಗೆ ಬಂದರು. ಎದುರು ನಿಂತು ಅವರು ಏನೋ ಹೇಳಿದ್ದು ಕಂಡಿತು. ಹುಲಿಗೆಪ್ಪ ಬಹಳ ಹೊತ್ತು ಅವರ ಮುಖವನ್ನೇ ನೋಡುತ್ತ ನಿಂತ. ಏರಿಯ ಮೇಲೆ ಗಾಳಿ ಇತ್ತು. ಅವನು ಕೇಳಿದ್ದು ನಮಗೂ ಕೇಳಿಸಿತು.

"ಖರೇನಾ?"

"ಖರೆ" ಎಂದರು ಅವರು.

ಹುಲಿಗೆಪ್ಪ ಬಂದು ಬಸ್ಸು ಹತ್ತಿದ. ಮಸ್ಕಿ ಬರುವವರೆಗೆ ಇಬ್ಬರೂ ಬಾಗಿಲಲ್ಲಿ ಅಕ್ಕಪಕ್ಕ ನಿಂತಿದ್ದರು. ಅವ್ವನಿಗೆ ಇನ್ನೂ ಎಚ್ಚರವಿತ್ತು. ಮಗನ ಕೈಯಿಂದ ನೀರು ಕುಡಿದು ಆ ಸಂಜೆ ಹೋದಳು. ಮರುದಿನ ಮಣ್ಣಿಗೆ ಕಂಡಕ್ಟರ್ ಸಾಹೇಬರೂ ಬಂದಿದ್ದರು. ದೂರ ನಿಂತಿದ್ದು, ಎಲ್ಲ ಮುಗಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ ಹೋದರು. ಅದರ ನಂತರ ಹುಲಿಗೆಪ್ಪ ಅವರ ಬಸ್ಸು ಹತ್ತುತ್ತಿದ್ದ. ಟಿಕೀಟು ಕೇಳುವುದು, ಕೊಡುವುದು. ಅಷ್ಟೇ.

ನೌಕರಿಯಿಂದ ನಿವೃತ್ತರಾದ ಮೇಲೆ ಕಂಡಕ್ಟರ್ ಸಾಹೇಬರಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿಗೆ ಬಂದು, ಯಾವ ಬಸ್ಸಿನಲ್ಲಿ ಯಾರು ಬಂದರೆಂದು ನೋಡುತ್ತ ಅಡ್ಡಾಡುತ್ತಿದ್ದರು. ಎದೆನೋವು ಬಂದದ್ದೂ ಅಲ್ಲೇ. ಸುದ್ದಿ ಬಂದಾಗ ನಾನು ಸಿಂಧನೂರಿನಲ್ಲೇ ಇದ್ದೆ. ಶಿವಣ್ಣ ತಮ್ಮ ಜೀಪು ತಂದರು. ಸುಬ್ಬಾರಾವ್ ಹೋಟೆಲಿನ ಬಾಗಿಲು ಹಾಕಿ ಬಂದರು.

ಹುಲಿಗೆಪ್ಪ ನಮಗಿಂತ ಮೊದಲೇ ಬಂದಿದ್ದ. ಶವ ಎತ್ತಿದಾಗ ಅವನೂ ಹೆಗಲು ಕೊಟ್ಟ. ಕಬರಸ್ತಾನದವರೆಗೆ ಜನ ಸರದಿಯಂತೆ ಹೆಗಲು ಬದಲಿಸಿದರು. ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಎರಡು ಸಲ ಸಾಹೇಬರ ಅಳಿಯ ಬಂದು, "ನೀವು ಸುಸ್ತಾಗಿರಬೇಕು, ಕೊಡ್ರಿ" ಎಂದರೂ ತಲೆಯಾಡಿಸಿ ನಡೆದ.

ಮುಗಿಸಿ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಹಾದ ಅಂಗಡಿಯಲ್ಲಿ ಕೂತೆವು. ಹೇಗೆ ಶುರುವಾಯಿತೋ, ಶಿವಣ್ಣ, "ಏನರ ಅನ್ರಿ, ಆ ಮ್ಯಾಚು ಆಡಿದ್ರ ಇಂವ ದೇಶದ ಟೀಮಿಗೆ ಹೋಗ್ತಿದ್ದ" ಎಂದರು. ಸುಬ್ಬಾರಾವ್, "ಕೆಸರಲ್ಲಾ? ಆ ಕಾಲಲ್ಲಾ?" ಎಂದರು. ಇಷ್ಟು ವರ್ಷ ನಿಂತುಹೋಗಿದ್ದ ಜಗಳ ಅವರಿಬ್ಬರ ನಡುವೆ ಮತ್ತೆ ಎದ್ದಿತು. ದನಿಗಳು ಏರಿದವು. ಹುಲಿಗೆಪ್ಪ ಪಕ್ಕದಲ್ಲೇ ಕೂತಿದ್ದಾನೆಂಬುದು ನೆನಪಾಗಿ ಶಿವಣ್ಣನೇ ಅವನ ಕಡೆ ತಿರುಗಿದರು.

"ನೀನ ಹೇಳಪಾ ಖರೇ. ಆಡಿದ್ರ ಹೆಂಗ ಆಗ್ತಿತ್ತು?"

ಹುಲಿಗೆಪ್ಪ ಲೋಟದಲ್ಲಿ ನೋಡುತ್ತಿದ್ದ. "ನನಗ ಗೊತ್ತಿಲ್ರಿ" ಎಂದ. "ಅದು ಗೊತ್ತಾಗೋಂಗ ಅವರು ಬಿಡಲಿಲ್ಲ. ಅದಕ್ಕ ನನಗ ಅವರ ಮ್ಯಾಲೆ ಸಿಟ್ಟು ಇತ್ತು. ಈಗೂ ಐತಿ."

ಸುಬ್ಬಾರಾವ್ ಬೆಂಚಿನ ಮೇಲೆ ಅವನ ಕಡೆ ಸರಿದು ಕೂತರು.

"ನನ್ನ ಆಟ ಎಷ್ಟಿತ್ತು ಅಂತ ಸರಿಯಾಗಿ ಗೊತ್ತಿದ್ದವರು ಅವರೊಬ್ಬರ ಇದ್ರು. ಅವರನ್ನ ಕೇಳಬೇಕಾಗಿತ್ತು. ಇಷ್ಟು ವರ್ಷ ದಿನಾ ಕಣ್ಣ ಮುಂದ ಹಾದು ಹೋಗ್ತಿದ್ರು, ನಾ ಕೇಳಲಿಲ್ಲ" ಎಂದು ಅವನು ಲೋಟ ಕೆಳಗಿಟ್ಟ. ತೂಬು ಇಳಿಸುವ ಹೊತ್ತಾಯಿತೆಂದು ಎದ್ದ. ಆಗಲೇ ಹೊರಟಿದ್ದ ಸಿಂಧನೂರಿನ ಬಸ್ಸಿಗೆ, ಬಲಗಾಲು ಗಟ್ಟಿಯಾಗಿ ಊರುತ್ತ ಓಡಿ ಹೋಗಿ ಹತ್ತಿದ.